ಗೋಡೆಯಾಚೆಗೆ ಹನ್ನೆರಡು ಹೆಸರು

ಮಹಾಬಲ ಮಾಸ್ತರರ ಎಡಗೈ ಮೇಲೆ ಬಿಸಿ ಗಂಜಿ ಚೆಲ್ಲಿದ್ದು ಒಂದು ಶನಿವಾರದ ಬೆಳಿಗ್ಗೆ. ಬಡಿಸುತ್ತಿದ್ದವಳು ಹೆಂಡತಿ ಉಮಾವತಿ. ನಾಲ್ಕು ವರ್ಷದ ಮಗಳು ಶಶಿಪ್ರಭಾ ಓಡಿ ಬಂದು ಸೆರಗು ಎಳೆದದ್ದೇ ತಡ, ಗೆರಟೆಯ ಸೌಟು ಓರೆಯಾಗಿ, ಒಲೆಯಿಂದ ಆಗಷ್ಟೇ ಇಳಿಸಿದ ಗಂಜಿ ಗಂಡನ ಮುಂಗೈಯಿಡೀ ಹರಿಯಿತು. ಉಮಾವತಿ "ಅಯ್ಯೋ ದೇವರೇ" ಎಂದು ಕೂಗಿಕೊಂಡಳು. ಮಾಸ್ತರರು ಕೂಗಲಿಲ್ಲ. ಉಪ್ಪಿನಕಾಯಿಯ ಭರಣಿಯತ್ತ ಬಲಗೈ ಚಾಚಿದ್ದವರು ಅದನ್ನು ಹತ್ತಿರಕ್ಕೆ ಎಳೆದುಕೊಂಡು, ಹೆಂಡತಿಯ ಮುಖ ನೋಡಿ, "ಎಂತಾಯಿತು?" ಎಂದು ಕೇಳಿದರು.

ಕೈ ಕೆಂಪಾಗಿ ಬೊಕ್ಕೆ ಏಳುತ್ತಿತ್ತು. ಮಣಿಕಟ್ಟಿನ ಮೇಲೆ ಒಂದು ರೂಪಾಯಿ ಅಗಲದ ಬಿಳಿಚಿದ ಕಲೆ ಆರು ತಿಂಗಳಿಂದ ಇತ್ತು. ಇಬ್ಬರೂ ಅದನ್ನು ಸಿಬ್ಬು ಎಂದುಕೊಂಡಿದ್ದರು. ಈಗ ಇಬ್ಬರ ಕಣ್ಣೂ ಒಟ್ಟಿಗೆ ಆ ಕಲೆಯ ಮೇಲೆ ಹೋಗಿ ನಿಂತವು. ಮಾಸ್ತರರು ಮೆಲ್ಲನೆ ಅಂಗಿಯ ತೋಳು ಇಳಿಸಿದರು.

ಇದು ನಡೆದದ್ದು ಸಾವಿರದ ಒಂಬೈನೂರ ಇಪ್ಪತ್ತಮೂರರಲ್ಲಿ, ಕದ್ರಿ ಗುಡ್ಡದ ಬುಡದಲ್ಲಿದ್ದ ಉಮಾವತಿಯ ತಾಯಿಮನೆಯಲ್ಲಿ. ಮಾಸ್ತರರ ಊರು ಮೂಡುಬಿದಿರೆಯ ಕಡೆ. ಬಲ್ಮಠದ ಒಂದು ಶಾಲೆಯಲ್ಲಿ ಕನ್ನಡ ಕಲಿಸುವ ಕೆಲಸ ಸಿಕ್ಕಿದ್ದರಿಂದ ಮದುವೆಯಾದ ಮೇಲೆ ಹೆಂಡತಿಯ ಮನೆಯಲ್ಲೇ ನೆಲೆಸಿದ್ದರು. ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುವ ಅಳಿಯಸಂತಾನದ ಮನೆ ಅದು. ಯಜಮಾನಿಕೆ ಉಮಾವತಿಯ ಅಣ್ಣ ಸರ್ವೋತ್ತಮನದು. ಅವನಿಗೆ ಬಂದರಿನಲ್ಲಿ ಅಕ್ಕಿಯ ವ್ಯಾಪಾರ. ಒರಟ ಎಂದು ಹೆಸರು, ಆದರೆ ತಂಗಿಯ ಮೇಲೆ ಜೀವ.

ಕದ್ರಿ ದೇವಸ್ಥಾನದ ಕೆರೆಗಳ ಹತ್ತಿರ ಒಬ್ಬ ಮುದಿ ವೈದ್ಯರಿದ್ದರು. ಅವರು ಸೂಜಿ ತೆಗೆದು ಕಲೆಯ ನಡುವೆ ಚುಚ್ಚಿದರು. ಮಾಸ್ತರರು ಸುಮ್ಮನೆ ಗೋಡೆ ನೋಡುತ್ತಿದ್ದರು. ವೈದ್ಯರು ಸೂಜಿಯನ್ನು ಒರಸಿ ಇಟ್ಟು, ಕಷಾಯದ ಪುಡಿ ಕಟ್ಟಿಕೊಟ್ಟರು. ಆಮೇಲೆ ಹೇಳಿದರು: "ಬೆಳಿಗ್ಗೆ ಮಿಂದು ಸೂರ್ಯನ ಹನ್ನೆರಡು ಹೆಸರು ಹೇಳಿ, ಮಾಸ್ತರೇ. ಚರ್ಮದ ಕಾಯಿಲೆಗೆ ಅವನೇ ಯಜಮಾನ. ಇದು ಗಾಯತ್ರಿ ಅಲ್ಲ, ಯಾರು ಬೇಕಾದರೂ ಹೇಳಬಹುದು."

ಹಾಗೆ ಶುರುವಾಯಿತು. ಮಾಸ್ತರರು ಹೆಸರುಗಳನ್ನು ಒಂದು ಕಾಗದದ ಮೇಲೆ ದುಂಡಗೆ ಬರೆದುಕೊಂಡರು. ಮನೆಯ ಹಿಂದೆ, ಬಾವಿಕಟ್ಟೆಯ ಪಕ್ಕದಲ್ಲಿ ಮೂಡು ದಿಕ್ಕಿಗೆ ನಿಂತು, ಪದವಿನ ಬಯಲಿನ ಆಚೆಯಿಂದ ಕೆಂಪು ಮೂಡುವಾಗ ಹೇಳತೊಡಗಿದರು. ಓಂ ಮಿತ್ರಾಯ ನಮಃ. ಓಂ ರವಯೇ ನಮಃ. ಓಂ ಸೂರ್ಯಾಯ ನಮಃ. ಪಾಠಶಾಲೆಯ ಗಂಟಲು ಅವರದು, ತುಂಬಿದ ಕೊಡದ ಹಾಗೆ. ಅಂಗಳ ಗುಡಿಸುತ್ತಿದ್ದ ಉಮಾವತಿ ಕಸಬರಿಕೆ ನಿಲ್ಲಿಸಿ ಕೇಳುತ್ತಿದ್ದಳು. ಅರ್ಥ ತಿಳಿಯುತ್ತಿರಲಿಲ್ಲ. ಗಂಡನ ದನಿ ಒಂದೊಂದು ಹೆಸರಿಗೂ ಏರಿ 'ನಮಃ' ಎನ್ನುವಲ್ಲಿ ಇಳಿಯುವುದು ಮಾತ್ರ ಅವಳಿಗೆ ಹಿತವಾಗಿತ್ತು.

ಕಲೆ ಮಾಸಲಿಲ್ಲ. ಎರಡನೆಯದು ಬೆನ್ನಿನಲ್ಲಿ ಕಾಣಿಸಿತು, ಕಿವಿಯ ಹಾಲೆ ದಪ್ಪವಾಯಿತು. ಶಾಲೆಯವರು ನಯವಾಗಿಯೇ ರಜೆ ಹಾಕಲು ಹೇಳಿದರು. ಕಂಕನಾಡಿಯ ಆಚೆ, ಗುಡ್ಡದ ಮೇಲೆ, ಈ ರೋಗದವರಿಗೆಂದೇ ಒಂದು ಆಶ್ರಮವಿತ್ತು. ಅಲ್ಲಿ ಎಣ್ಣೆಯ ಚುಚ್ಚುಮದ್ದು ಕೊಡುತ್ತಾರೆ, ಕೆಲವರಿಗೆ ಗುಣವಾದದ್ದೂ ಉಂಟು ಎಂದು ಯಾರೋ ಹೇಳಿದರು. ಸರ್ವೋತ್ತಮ ಭಾವನ ಬಟ್ಟೆಯನ್ನು ಬೇರೆ ಒಗೆಯಬೇಕು ಎಂದು ಆಳಿಗೆ ಹೇಳಿದ್ದು ಮಾಸ್ತರರ ಕಿವಿಗೆ ಬಿತ್ತು. ಅದರ ಮರುದಿನ ಅವರೇ ಹೊರಡುವುದಾಗಿ ಹೇಳಿದರು.

ಹೊರಡುವ ಮುಂಚಿನ ದಿನ ಬಾವಿಕಟ್ಟೆಯ ಹತ್ತಿರ ಕೂತು ಅವರು ಹೆಂಡತಿಗೆ ಹೆಸರುಗಳನ್ನು ಹೇಳಿಕೊಟ್ಟರು. ಮೂರನೇ ಕ್ಲಾಸಿನವರೆಗೆ ಓದಿದ್ದ ಉಮಾವತಿ ಕಾಗದದ ಮೇಲೆ ಬೆರಳಿಟ್ಟು ಓದಿದಳು.

"ನನಗೆ ಸಂಸ್ಕೃತ ಎಲ್ಲಿ ಬರ್ತದೆ?" ಎಂದಳು.

"ಬರುವುದು ಬೇಡ. ಹೆಸರು ಹಿಡಿದು ಕರೆಯುವುದಷ್ಟೇ."

"ಒಬ್ಬನಿಗೆ ಇಷ್ಟು ಹೆಸರು ಎಂತಕ್ಕೆ?"

ಮಾಸ್ತರರು ಯೋಚಿಸಿ ಹೇಳಿದರು: "ಒಬ್ಬರನ್ನು ತುಂಬ ಕರೀಬೇಕು ಅನ್ನಿಸಿದಾಗ ಒಂದು ಹೆಸರು ಸಾಕಾಗುವುದಿಲ್ಲ, ಉಮಾ."

ಆರನೆಯ ಹೆಸರಿನಲ್ಲಿ ಅವಳು ಎಡವಿದಳು. 'ಪೂಷ್ಣೇ' ಎಂಬುದು ಅವಳ ಬಾಯಲ್ಲಿ 'ಪುಷ್ಣೇ' ಆಗುತ್ತಿತ್ತು. "ದೀರ್ಘ, ದೀರ್ಘ" ಎಂದು ಮಾಸ್ತರರು ಶಾಲೆಯ ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. ಅವಳು ಮತ್ತೆ ಪುಷ್ಣೇ ಎಂದಳು. ಇಬ್ಬರಿಗೂ ನಗು ಬಂತು. ಎಷ್ಟೋ ತಿಂಗಳಿಂದ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ.

"ಬೆಳಿಗ್ಗೆ ಸೂರ್ಯ ಏಳುವಾಗ ನೀನು ಇಲ್ಲಿ ಹೇಳು. ನಾನು ಅಲ್ಲಿ ಹೇಳ್ತೇನೆ," ಎಂದರು ಮಾಸ್ತರರು. "ಅಷ್ಟು ಹೊತ್ತು ನಾವು ಒಟ್ಟಿಗೆ ಇದ್ದೇವೆ ಅಂತ ಲೆಕ್ಕ."

ಮರುದಿನ ಬೆಂದೂರಿನವರೆಗೆ ಅವಳು ಜೊತೆಗೆ ನಡೆದಳು. ಅಲ್ಲಿಂದ ಮುಂದೆ ಬರಬೇಡ ಎಂದರು. ಒಂದು ಚೀಲ, ಒಂದು ಕೊಡೆ, ಮಡಚಿದ ಚಾಪೆ. ತಿರುವಿನಲ್ಲಿ ಕೊಡೆ ಮರೆಯಾಗುವ ತನಕ ನಿಂತು, ಉಮಾವತಿ ಮನೆಗೆ ಬಂದು ಮಗಳಿಗೆ ತಲೆ ಬಾಚಿದಳು.

ಮೊದಲ ಎರಡು ವರ್ಷ ತಿಂಗಳಿಗೊಮ್ಮೆ ಹೋಗಿ ನೋಡುವುದಿತ್ತು. ಆಶ್ರಮದ ಒಳಗೆ ಒಂದು ಮಾವಿನ ಮರ, ಅದರ ಕೆಳಗೆ ಎರಡು ಬೆಂಚು, ನಡುವೆ ಹತ್ತು ಹೆಜ್ಜೆ ದೂರ. ಮಾತಾಡಬೇಕಾದ್ದೆಲ್ಲ ಆ ಹತ್ತು ಹೆಜ್ಜೆಯನ್ನು ದಾಟುವಷ್ಟು ಗಟ್ಟಿಯಾಗಿ ಆಡಬೇಕು. ಗಂಡ ಹೆಂಡತಿ ಎಂತ ಮಾತಾಡಿಯಾರು? ಮಗಳ ಜ್ವರ, ಬಾವಿಯ ನೀರು, ಹಲಸಿನ ಹಣ್ಣು. ಆದರೂ ಅವಳು ಆ ದಿನಕ್ಕಾಗಿ ಹೊಸ ರವಿಕೆ ಹಾಕಿಕೊಳ್ಳುತ್ತಿದ್ದಳು.

ಮೂರನೇ ವರ್ಷ ಬಾಗಿಲಲ್ಲೇ ನರ್ಸ್ ವಿನಿಫ್ರೆಡ್ ತಡೆದಳು. ಬೆಂದೂರಿನ ಹುಡುಗಿ, ಉಮಾವತಿಗಿಂತ ಸ್ವಲ್ಪ ಚಿಕ್ಕವಳು, ನೇರ ಮಾತು. "ಮಾಸ್ತರರು ಇನ್ನು ಬರಬೇಡ ಅಂತ ಹೇಳಿದ್ದಾರೆ, ಅಮ್ಮ. ಮುಖದಲ್ಲಿ ಗಂಟು ಎದ್ದಿದೆ. ನೀವು ನೋಡುವುದು ಅವರಿಗೆ ಬೇಡವಂತೆ."

"ನನಗೆ ಬೇಕಲ್ಲ, ಬಾಯಮ್ಮ."

ವಿನಿಫ್ರೆಡ್ ಅವಳ ಕೈ ಹಿಡಿದಳು. "ಸುದ್ದಿ ನಾನು ತಂದು ಹೇಳ್ತೇನೆ. ಈಗ ಹೋಗಿ."

ಅಂದಿನಿಂದ ಉಮಾವತಿಗೆ ಉಳಿದದ್ದು ಬೆಳಗಿನ ಆ ಹೊತ್ತು ಮಾತ್ರ. ಅವಳು ಅದನ್ನು ಒಂದು ದಿನವೂ ತಪ್ಪಿಸಲಿಲ್ಲ. ಬಾವಿಕಟ್ಟೆಯ ಪಕ್ಕ ಗಂಡ ನಿಲ್ಲುತ್ತಿದ್ದ ಜಾಗದಲ್ಲೇ ನಿಂತು ಹನ್ನೆರಡು ಹೆಸರು ಹೇಳುತ್ತಿದ್ದಳು. ಪ್ರತಿ ಹೆಸರಿನ ನಂತರ ಒಂದು ಉಸಿರಿನಷ್ಟು ನಿಲ್ಲಿಸುತ್ತಿದ್ದಳು. ಆ ಉಸಿರು ಗಂಡನದು, ಅವರು ಅಲ್ಲಿ ಹೇಳಲಿಕ್ಕೆ ಬಿಟ್ಟ ಜಾಗ. ಹೇಳಿ ಮುಗಿದ ಮೇಲೆ ಅಂದಿನ ಸುದ್ದಿ ಮನಸ್ಸಿನಲ್ಲೇ ಹೇಳುತ್ತಿದ್ದಳು. ಮಳೆಗಾಲದಲ್ಲಿ ಹತ್ತು ಹದಿನೈದು ದಿನ ಸೂರ್ಯನ ಮುಖವೇ ಕಾಣದಾಗ ಎಷ್ಟು ಹೊತ್ತಿಗೆ ನಿಲ್ಲುವುದು ಎಂಬ ಚಿಂತೆ ಬಂತು. ವಿನಿಫ್ರೆಡ್ ಮೂಲಕ ಕೇಳಿಸಿದಳು. ಬೆಂದೂರು ಇಗರ್ಜಿಯ ಬೆಳಗಿನ ಗಂಟೆಗೆ ಎಂದು ಮಾಸ್ತರರು ಹೇಳಿ ಕಳಿಸಿದರು. ಆ ಗಂಟೆ ಕದ್ರಿಗೂ ಕೇಳುತ್ತದೆ, ಕಂಕನಾಡಿಗೂ ಕೇಳುತ್ತದೆ.

ಸರ್ವೋತ್ತಮ ಒಂದು ದಿನ ಊಟವಾದ ಮೇಲೆ ಎಲೆಯಡಿಕೆ ಹಾಕುತ್ತಾ ವಿಷಯ ತೆಗೆದ. "ಸುರತ್ಕಲ್ಲಿನಲ್ಲಿ ಒಬ್ಬರಿದ್ದಾರೆ. ಹೆಂಡತಿ ತೀರಿಹೋಗಿ ಎರಡು ವರ್ಷ. ಒಳ್ಳೆಯ ಜನ. ಬಿಡಿಸಿಕೊಂಡು ಇನ್ನೊಂದು ಧಾರೆ ಎರೆಯುವುದು ನಮ್ಮಲ್ಲಿ ಇಲ್ಲದ್ದೇನಲ್ಲ, ಉಮಾ. ನಿನಗೆ ಇನ್ನೂ ಇಪ್ಪತ್ತೇಳು."

"ನನಗೆ ಗಂಡ ಇದ್ದಾರಲ್ಲ, ಅಣ್ಣ."

"ಎಲ್ಲಿದ್ದಾನೆ ಮಾರಾಯ್ತಿ? ಮುಖ ನೋಡಿ ಎಷ್ಟು ಕಾಲವಾಯಿತು?"

"ದಿನಾ ಬೆಳಿಗ್ಗೆ ಮಾತಾಡ್ತೇವೆ," ಎಂದಳು ಉಮಾವತಿ.

ಸರ್ವೋತ್ತಮ ಬಾಯಲ್ಲಿದ್ದ ಎಲೆಯಡಿಕೆ ಜಗಿಯುವುದನ್ನು ಬಿಟ್ಟು ತಂಗಿಯನ್ನು ನೋಡಿದ. ಇವಳ ತಲೆ ಸರಿ ಉಂಟೋ ಇಲ್ಲವೋ ಎಂದು ಅವನಿಗೆ ಹೆದರಿಕೆಯಾಗಿರಬೇಕು. ಆ ಮಾತನ್ನು ಮತ್ತೆ ಎತ್ತಲಿಲ್ಲ.

ಶಶಿಪ್ರಭಾಳಿಗೆ ಅಪ್ಪ ಘಟ್ಟದ ಮೇಲೆ ಕಾಫಿ ತೋಟದಲ್ಲಿ ರೈಟರ್ ಆಗಿದ್ದಾರೆ ಎಂದು ಹೇಳಿದ್ದರು. ಹತ್ತು ವರ್ಷದವಳಾದಾಗ ಶಾಲೆಯಲ್ಲಿ ಯಾರೋ ಸತ್ಯ ಹೇಳಿಬಿಟ್ಟರು. ಅಂದು ಮನೆಗೆ ಬಂದವಳು ಊಟ ಮಾಡಲಿಲ್ಲ, ಅಳಲೂ ಇಲ್ಲ. ಮರುದಿನ ಬೆಳಿಗ್ಗೆ ತಾಯಿ ಬಾವಿಕಟ್ಟೆಯ ಹತ್ತಿರ ನಿಂತಾಗ ಬಾಗಿಲಿಗೆ ಬಂದು, "ಅಮ್ಮ, ಮೆಲ್ಲ ಹೇಳು. ಆಚೆ ಮನೆಯವರಿಗೆ ಕೇಳ್ತದೆ," ಎಂದಳು. ಅಂದಿನಿಂದ ಉಮಾವತಿ ತುಟಿಯಲ್ಲೇ ಹೇಳತೊಡಗಿದಳು.

ಮೂವತ್ತನೇ ಇಸವಿಯ ಮಳೆಗಾಲ. ವಿನಿಫ್ರೆಡ್ ಕದ್ರಿಗೆ ಬಂದಿದ್ದಳು. ಜಗಲಿಯ ಮೇಲೆ ಕೂತು ಬೆಲ್ಲದ ಕಾಫಿ ಕುಡಿಯುತ್ತಾ ಸುದ್ದಿ ಹೇಳಿದಳು. ಮಾಸ್ತರರ ಗಂಟಲು ಕಟ್ಟಿದೆ, ದನಿ ಒರಟಾಗಿದೆ; ಚುಚ್ಚುಮದ್ದು ನಡೆದಿದೆ. ಉಮಾವತಿ ಎಲ್ಲವನ್ನೂ ಕೇಳಿ, ಏನೋ ನೆನಪಾದವಳಂತೆ ಅಂದಳು:

"ಮೋಡ ಇರುವಾಗ ಅವರು ಬೆಂದೂರಿನ ಗಂಟೆಗೇ ಹೇಳುವುದಲ್ಲವಾ? ಮೊನ್ನೆ ಗಂಟೆ ಸ್ವಲ್ಪ ತಡವಾದ ಹಾಗೆ ಆಯಿತು. ನಾನು ಮೊದಲೇ ಶುರು ಮಾಡಿಬಿಟ್ಟೆ."

ವಿನಿಫ್ರೆಡ್ ಲೋಟ ಕೆಳಗಿಟ್ಟಳು. ಸುಳ್ಳು ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ. "ಅಮ್ಮ, ಅವರು ಹೇಳುವುದಿಲ್ಲ."

"ಯಾವುದು?"

"ಆ ಮಂತ್ರ. ಮೂರು ವರ್ಷವಾಯಿತು. ಬೆಳಗಾಗುವಾಗ ಕಿಟಕಿ ಹಾಕಿ ಗೋಡೆಯ ಕಡೆ ಮುಖ ಮಾಡಿ ಮಲಗ್ತಾರೆ. ನಾನು ಕೇಳಿದ್ದೆ. ಅವನು ಕೊಟ್ಟದ್ದನ್ನೆಲ್ಲ ನೋಡಿ ಆಯಿತು, ಇನ್ನು ಕರೆಯುವುದಿಲ್ಲ ಅಂದರು."

ಮಳೆ ಜೋರಾಗಿ ಹೊಡೆಯುತ್ತಿತ್ತು. ಮಾಡಿನ ಹಂಚಿನಿಂದ ಇಳಿಯುವ ನೀರಿಗೆ ಉಮಾವತಿ ಲೋಟ ಹಿಡಿದು ತೊಳೆದಳು. ಮೂರು ವರ್ಷ. ಸಾವಿರಕ್ಕೂ ಮಿಕ್ಕಿ ಬೆಳಗು. ಅಷ್ಟೂ ದಿನ ಅವಳು ನಿಲ್ಲಿಸಿ ನಿಲ್ಲಿಸಿ ಉಸಿರು ಬಿಟ್ಟುಕೊಟ್ಟದ್ದು ಯಾರಿಗೆ? ಮಗಳು ದೊಡ್ಡವಳಾದ ಸುದ್ದಿ, ತಾಯಿ ತೀರಿಕೊಂಡ ಸುದ್ದಿ ಹೇಳಿದ್ದು ಯಾರಿಗೆ?

ಮರುದಿನ ಅವಳು ಬಾವಿಕಟ್ಟೆಗೆ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಗಂಟೆ ಬಾರಿಸಿದಾಗ ಒಲೆಯ ಮುಂದೆ ಕೂತು ಬೆಂಕಿ ಊದಿದಳು. ಸಿಟ್ಟೇ ಬಂದಿತ್ತು ಅವಳಿಗೆ. ಎರಡನೆಯ ದಿನ ಸಂಜೆಯ ಹೊತ್ತಿಗೆ ಆ ಸಿಟ್ಟು ಬೇರೆ ಏನೋ ಆಗತೊಡಗಿತು. ಗೋಡೆಗೆ ಮುಖ ಮಾಡಿ ಮಲಗಿದ ಬೆನ್ನು ಕಣ್ಣಿಗೆ ಕಟ್ಟಿತು. ಆ ಬೆನ್ನಿನ ಮೇಲಿನ ಕಲೆಯನ್ನು ಮೊದಲು ನೋಡಿದವಳು ಅವಳೇ ಅಲ್ಲವೇ?

ಮೂರನೆಯ ದಿನ ಭಾನುವಾರ. ಬೆಳಕು ಹರಿಯುವ ಮುಂಚೆ ಎದ್ದು ಮಿಂದು, ಓಲೆಯ ಕೊಡೆ ಹಿಡಿದು ಹೊರಟಳು. ಕದ್ರಿಯಿಂದ ಇಳಿದು, ಬೆಂದೂರು ದಾಟಿ, ಕೆಸರಿನಲ್ಲಿ ಕಾಲಿಟ್ಟುಕೊಂಡು ಕಂಕನಾಡಿಯ ಗುಡ್ಡ ಹತ್ತಿದಳು. ಆಶ್ರಮದ ಗೇಟು ಇನ್ನೂ ತೆರೆದಿರಲಿಲ್ಲ. ಗಂಡಸರ ಕೋಣೆಗಳ ಸಾಲು ಇರುವ ಕಡೆಗೆ ಗೋಡೆಯ ಬದಿಯಲ್ಲೇ ನಡೆದಳು. ಮುರಕಲ್ಲಿನ ಗೋಡೆ, ಆಳೆತ್ತರಕ್ಕಿಂತ ಸ್ವಲ್ಪ ಹೆಚ್ಚು, ಮೇಲೆ ಪಾಚಿ. ಗಂಟೆ ಬಾರಿಸಿತು.

ಒಂದು ವರ್ಷದಿಂದ ತುಟಿಯಲ್ಲೇ ಹೇಳಿ ಅಭ್ಯಾಸವಾಗಿದ್ದ ಗಂಟಲು. ಮೊದಲು ದನಿಯೇ ಹೊರಡಲಿಲ್ಲ. ಕೆಮ್ಮಿ ಸರಿಮಾಡಿಕೊಂಡು ಕೂಗಿದಳು.

"ಓಂ ಮಿತ್ರಾಯ ನಮಃ!"

ಗೋಡೆಯಾಚೆಯಿಂದ ಯಾರೋ ಕೇಳಿದರು: "ಯಾರದು?" ಬ್ಯಾರಿ ಮುಸಲ್ಮಾನರ ಮಾತಿನ ಧಾಟಿ.

"ಮಹಾಬಲ ಮಾಸ್ತರರ ಮನೆಯವಳು."

"ಓ! ಮಾಸ್ಟ್ರೇ, ಮಾಸ್ಟ್ರೇ, ನಿಮ್ಮ ಮನೆಯವರು ಬಂದಿದ್ದಾರೆ!" ಎಂದು ಆ ದನಿ ಒಳಗೆ ಕೂಗಿತು. ಅವನ ಹೆಸರು ಮೂಸಬ್ಬ ಎಂದು ಅವಳಿಗೆ ಆಮೇಲೆ ತಿಳಿಯಿತು. ಬಂದರಿನಲ್ಲಿ ಮಂಜಿ ಹಡಗಿಗೆ ಮೂಟೆ ಹೊರುತ್ತಿದ್ದವನು.

ಒಳಗಿನಿಂದ ಉತ್ತರ ಬರಲಿಲ್ಲ. ಉಮಾವತಿ ಮುಂದುವರಿಸಿದಳು. ರವಯೇ. ಸೂರ್ಯಾಯ. ಭಾನವೇ. ಖಗಾಯ. ಕೊಡೆಯ ಮೇಲೆ ಮಳೆಯ ಸದ್ದು ಇದ್ದುದರಿಂದ ಇನ್ನಷ್ಟು ಎತ್ತರಿಸಿ ಹೇಳಬೇಕಾಯಿತು.

"ಓಂ ಪುಷ್ಣೇ ನಮಃ!"

ಗೋಡೆಯಾಚೆ, ತೀರಾ ಹತ್ತಿರದಲ್ಲಿ, ಗರಗಸದಂತೆ ಒರಟಾದ ದನಿಯೊಂದು ಹೇಳಿತು: "ದೀರ್ಘ."

ಉಮಾವತಿಯ ಕೈಯಿಂದ ಕೊಡೆ ಜಾರಿತು.

"ಪೂ... ಪೂಷ್ಣೇ," ಎಂದಿತು ಆ ದನಿ. ಅವಳಿಗೆ ಪರಿಚಯವಿದ್ದ ದನಿಯಲ್ಲ ಅದು. ತುಂಬಿದ ಕೊಡದ ಆ ಗಂಟಲು ಎಲ್ಲಿಯೋ ಹೋಗಿತ್ತು. ಆದರೆ ಹೇಳುವ ರೀತಿ, ಆ ತಾಳ್ಮೆ, ಅವರದೇ. ಅವಳು ಗೋಡೆಗೆ ಹಣೆಯೊತ್ತಿ ನಿಂತು ಸರಿಯಾಗಿ ಹೇಳಿದಳು. ಉಳಿದ ಆರು ಹೆಸರನ್ನು ಅವಳೊಬ್ಬಳೇ ಹೇಳಿದಳು. ಅಳುವಿನ ನಡುವೆ ಹಿರಣ್ಯಗರ್ಭ ಎಂಬುದು ಏನೇನೋ ಆಯಿತು.

"ಇನ್ನೊಮ್ಮೆ ಹೇಳು," ಎಂದರು ಮಾಸ್ತರರು.

ಹೀಗೆ ಭಾನುವಾರಗಳು ಶುರುವಾದವು. ಗೋಡೆಯ ಈಚೆ ಅವಳು, ಆಚೆ ಅವರು. ಅವಳು ಒಂದು ಹೆಸರು, ಅವರು ಒಂದು ಹೆಸರು. ಮುಖ ತೋರಿಸುವುದಿಲ್ಲ ಎಂಬ ಹಟವನ್ನು ಮಾಸ್ತರರು ಬಿಡಲಿಲ್ಲ. ಅವಳೂ ಒತ್ತಾಯ ಮಾಡಲಿಲ್ಲ. ಹತ್ತು ಹೆಜ್ಜೆಗಿಂತ ಈ ಗೋಡೆಯೇ ವಾಸಿ, ಮೆಲ್ಲಗೆ ಮಾತಾಡಬಹುದು ಎಂದು ಅವಳಿಗೆ ಅನಿಸಿತ್ತು. ಹೆಸರು ಹೇಳಿ ಮುಗಿದ ಮೇಲೆ ಅರ್ಧ ಗಂಟೆ ಅದೂ ಇದೂ ಮಾತು. ಮೂಸಬ್ಬ ದೂರದಿಂದ, "ಅಕ್ಕ, ಇವತ್ತು ನಿಮ್ಮಿಂದ ಸೂರ್ಯನಿಗೇ ತಡವಾಯಿತು!" ಎಂದು ತಮಾಷೆ ಮಾಡುತ್ತಿದ್ದ. ಚನಿಯ ಎಂಬ ಇನ್ನೊಬ್ಬನಿದ್ದ. ಯಾವ ದೇವಸ್ಥಾನದ ಅಂಗಳಕ್ಕೂ ಅವನ ಜಾತಿಯವರನ್ನು ಬಿಟ್ಟುಕೊಂಡದ್ದಿಲ್ಲ. ಅವನು ಕೇಳಿ ಕೇಳಿಯೇ ಹನ್ನೆರಡೂ ಹೆಸರು ಕಲಿತಿದ್ದ; ತಾನು ಹೇಳಿದರೆ ತಪ್ಪಾಗುತ್ತದೆಯೇ ಎಂದು ಒಂದು ದಿನ ಮಾಸ್ತರರನ್ನು ಕೇಳಿದನಂತೆ. "ಹೇಳು, ಜೋರಾಗಿ ಹೇಳು. ಅವನೆಂತ ನಿನ್ನನ್ನು ಬಿಟ್ಟು ನನಗೊಬ್ಬನಿಗೆ ಬಿಸಿಲು ಕಾಯಿಸ್ತಾನಾ?" ಎಂದರಂತೆ ಮಾಸ್ತರರು. ಇದನ್ನು ಕೇಳಿದ ದಿನ ಉಮಾವತಿ ದಾರಿಯುದ್ದಕ್ಕೂ ಸಂತೋಷದಲ್ಲಿ ನಡೆದಳು. ಅವರು ಮತ್ತೆ ಮಾಸ್ತರರಾಗಿದ್ದರು.

ಆದರೆ ಸಂತೋಷ ಕದ್ರಿಯ ಏರು ಹತ್ತುವವರೆಗೆ ಮಾತ್ರ. ಮನೆಗೆ ಬಂದು ಒಂದೇ ಚಾಪೆ ಬಿಡಿಸುವಾಗ, ಇನ್ನೂ ಆರು ದಿನ ಎಂದುಕೊಳ್ಳುವಾಗ, ಎದೆಯಲ್ಲಿ ಹಸಿವಿನಂಥದೇ ಒಂದು ಸಂಕಟ ಏಳುತ್ತಿತ್ತು. ಗಂಡನ ಕೈಬರಹದ ಆ ಕಾಗದ ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗಿತ್ತು. ಹೆಸರುಗಳು ಬಾಯಿಗೆ ಬಂದು ಎಷ್ಟೋ ವರ್ಷವಾಗಿದ್ದರೂ ಅವಳು ತುಂಡುಗಳನ್ನು ಜೋಡಿಸಿ ಓದುತ್ತಿದ್ದಳು.

ಶಶಿಪ್ರಭಾಳಿಗೆ ಹದಿನೆಂಟಾದಾಗ ಬೊಂಬಾಯಿಯಲ್ಲಿ ಹೋಟೆಲು ಇಟ್ಟವರ ಮನೆಯಿಂದ ಸಂಬಂಧ ಬಂತು. ಹುಡುಗನಿಗೆ ವಿಷಯ ಗೊತ್ತಿತ್ತು, ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಹುಡುಗನ ಕಡೆಯ ಹಿರಿಯರಿಗೆ ಮಾತ್ರ ಹೇಳಿರಲಿಲ್ಲ. "ಮದುವೆ ಮುಗಿಯುವ ತನಕ ಆ ಕಡೆ ಹೋಗಬೇಡ, ಉಮಾ," ಎಂದ ಸರ್ವೋತ್ತಮ. "ನಿನ್ನ ಕಾಲು ಹಿಡೀತೇನೆ." ಅಣ್ಣ ಅಂಥ ಮಾತು ಆಡಿದ್ದನ್ನು ಅವಳು ಎಂದೂ ಕೇಳಿರಲಿಲ್ಲ.

ಆ ಭಾನುವಾರ ಗೋಡೆಯ ಹತ್ತಿರ ಹೇಳಿದಳು. "ಶಶಿಗೆ ಮದುವೆ. ಎರಡು ತಿಂಗಳು ಬರುವುದಿಲ್ಲ."

ಆಚೆಯಿಂದ ಮಾಸ್ತರರು, "ಅವಳ ಕೂದಲು ಈಗ ಎಷ್ಟು ಉದ್ದ ಉಂಟು?" ಎಂದು ಕೇಳಿದರು.

ಮದುವೆಯ ದಿನ ಬೆಳಿಗ್ಗೆ ಉಮಾವತಿ ಕೋಣೆಯ ಕಿಟಕಿಯ ಹತ್ತಿರ ನಿಂತು ತುಟಿಯಲ್ಲಿ ಹೆಸರು ಹೇಳುತ್ತಿದ್ದಾಗ ಮಗಳು ಬಂದಳು. ಜಡೆಯ ತುಂಬ ಮಲ್ಲಿಗೆ ಮುಡಿಸಿದ್ದರು.

"ಅಪ್ಪನಿಗೆ ಗೊತ್ತುಂಟಾ?"

"ಉಂಟು. ನಿನ್ನ ಕೂದಲು ಎಷ್ಟು ಉದ್ದ ಅಂತ ಕೇಳಿದರು."

ಶಶಿಪ್ರಭಾ ಜಡೆಯಿಂದ ಒಂದು ಗೇಣು ಮಲ್ಲಿಗೆ ಹರಿದು ತಾಯಿಯ ಕೈಯಲ್ಲಿಟ್ಟಳು. "ಕೊಡಿಸು," ಎಂದು ಹೇಳಿ ಬೇಗ ಹೊರಗೆ ಹೋದಳು. ಆ ಮಲ್ಲಿಗೆಯನ್ನು ವಿನಿಫ್ರೆಡ್ ಬಾಳೆಲೆಯಲ್ಲಿ ಸುತ್ತಿ ಅದೇ ಸಂಜೆ ಮಾಸ್ತರರಿಗೆ ಮುಟ್ಟಿಸಿದಳು.

ಮೂವತ್ತೆಂಟರ ಕೊನೆಗೆ ಡಾಕ್ಟರರು ರೋಗ ಅಡಗಿದೆ ಎಂದರು. ಆದ ಹಾನಿ ಹಾಗೆಯೇ ಇರುತ್ತದೆ, ಆದರೆ ಇನ್ನು ಹರಡುವುದಿಲ್ಲ, ಮನೆಗೆ ಹೋಗಬಹುದು. ಕದ್ರಿಯ ಮನೆಗೆ ಬೇಡ ಎಂದ ಸರ್ವೋತ್ತಮ. ಅವನಿಗೆ ಮನೆಯಲ್ಲಿ ಸಣ್ಣ ಮಕ್ಕಳಿದ್ದರು. ಉಮಾವತಿ ಜಗಳವಾಡಲಿಲ್ಲ. ವಿನಿಫ್ರೆಡಳ ಚಿಕ್ಕಮ್ಮ ಡಾಲಿ ಬಾಯಿಗೆ ಕಂಕನಾಡಿಯ ತೆಂಗಿನ ಹಿತ್ತಲಿನಲ್ಲಿ ಒಂದು ಪುಟ್ಟ ಹಂಚಿನ ಮನೆ ಇತ್ತು. ಉಮಾವತಿ ಅದನ್ನು ಬಾಡಿಗೆಗೆ ಹಿಡಿದು, ಎರಡು ಚಾಪೆ, ನಾಲ್ಕು ಪಾತ್ರೆ ಒಯ್ದು, ಹುಟ್ಟಿದ ಮನೆ ಬಿಟ್ಟು ಬಂದು ಕೂತಳು. ಅವಳ ಪಾಲಿನ ಅಕ್ಕಿಯನ್ನು ಸರ್ವೋತ್ತಮ ಒಂದು ತಿಂಗಳೂ ತಪ್ಪದೆ ಕಳಿಸಿದ.

ಮಾಸ್ತರರು ಮಾತ್ರ ಬರಲಿಲ್ಲ. ಮೂರು ಸಲ ಗೇಟಿನವರೆಗೆ ಬಂದು ತಿರುಗಿ ಹೋದರಂತೆ. "ಹದಿನೈದು ವರ್ಷ ಅಲ್ಲಿದ್ದವರು, ಹೊರಗಿನ ದಾರಿ ನೋಡಿದರೆ ಬೆವರ್ತಾರೆ," ಎಂದಳು ವಿನಿಫ್ರೆಡ್. ಉಮಾವತಿ ಪ್ರತಿದಿನ ಇಬ್ಬರ ಪಾಲಿನ ಅನ್ನ ಬೇಯಿಸುತ್ತಿದ್ದಳು, ಉಳಿದದ್ದಕ್ಕೆ ನೀರು ಹಾಕಿಟ್ಟು ಮರುದಿನ ತಾನೇ ಉಣ್ಣುತ್ತಿದ್ದಳು. ಮಾಘ ಮಾಸ ಬಂತು. ಅವಳು ಹೇಳಿ ಕಳಿಸಿದಳು: "ರಥಸಪ್ತಮಿಗೆ ಎಕ್ಕದ ಎಲೆ ಕೊಯ್ದಿಟ್ಟಿದ್ದೇನೆ. ಮೀಯಲಿಕ್ಕೆ ಬರಬೇಕಂತೆ ಅಂತ ಹೇಳಿ."

ಸೂರ್ಯನ ಹಬ್ಬ ಅದು; ಎಕ್ಕದ ಎಲೆಯನ್ನು ತಲೆ ಹೆಗಲ ಮೇಲಿಟ್ಟುಕೊಂಡು ಮೀಯುತ್ತಾರೆ. ಅಂದು ನಸುಕಿನಲ್ಲಿ ಬಚ್ಚಲ ಒಲೆಗೆ ತೆಂಗಿನ ಮಡಲು ತುರುಕುತ್ತಿದ್ದಾಗ ಹಿತ್ತಲ ಬೇಲಿಯ ತಡಮೆ ಕಿರುಗುಟ್ಟಿತು. ತಲೆಯ ಮೇಲಿಂದ ಶಾಲು ಹೊದ್ದ ಒಬ್ಬರು ನಿಂತಿದ್ದರು. ಹಿಂದೆ ವಿನಿಫ್ರೆಡ್ ಲಾಟೀನು ಹಿಡಿದಿದ್ದಳು.

ಮಾಸ್ತರರು ಅಂಗಳಕ್ಕೆ ಬಂದು ಶಾಲು ತೆಗೆದರು. ಹುಬ್ಬುಗಳಿರಲಿಲ್ಲ. ಮೂಗು ಕುಸಿದಿತ್ತು. ಕೆನ್ನೆಯ ಚರ್ಮ ದಪ್ಪವಾಗಿ ಮಡಿಕೆ ಬಿದ್ದಿತ್ತು. ಬೆರಳುಗಳು ಒಳಕ್ಕೆ ಮಡಚಿಕೊಂಡಿದ್ದವು. ಅವಳು ನೋಡುತ್ತಾ ನಿಂತಳು. ಅವರು ತಪ್ಪಿಸಿಕೊಳ್ಳಲಿಲ್ಲ.

"ನೋಡಿದೆಯಾ?" ಎಂದರು.

"ನೋಡಿದೆ. ನೀರು ತಣಿತದೆ, ಬನ್ನಿ."

ಬಚ್ಚಲ ಕಲ್ಲಿನ ಮೇಲೆ ಅವರನ್ನು ಕೂರಿಸಿ, ತಲೆಯ ಮೇಲೆ ಒಂದು ಎಲೆ, ಎರಡು ಹೆಗಲ ಮೇಲೆ ಮೂರು ಮೂರು ಎಲೆ ಇಟ್ಟು, ಜಾರದಂತೆ ಅಂಗೈಯಿಂದ ಒತ್ತಿ ಹಿಡಿದಳು. ಹದಿನೈದು ವರ್ಷದ ಮೇಲೆ ಮುಟ್ಟಿದ್ದು.

"ಎಡದಲ್ಲಿ ಗೊತ್ತಾಗುವುದಿಲ್ಲ," ಎಂದರು ಮಾಸ್ತರರು ಮೆಲ್ಲಗೆ. "ಬಲಹೆಗಲಲ್ಲಿ ಗೊತ್ತಾಗ್ತದೆ."

ಅವಳು ಬಲಹೆಗಲ ಮೇಲೆ ಕೈ ಇಟ್ಟುಕೊಂಡೇ ನೀರು ಹುಯ್ದಳು. ಆಮೇಲೆ ಇಬ್ಬರೂ ಹಿತ್ತಲಿಗೆ ಬಂದು, ತೆಂಗಿನ ಮರಗಳ ನಡುವೆ ಕೆಂಪು ಮೂಡುವ ಕಡೆಗೆ ಅಕ್ಕಪಕ್ಕ ನಿಂತು ಹನ್ನೆರಡು ಹೆಸರು ಹೇಳಿದರು. ವಿನಿಫ್ರೆಡ್ ಬಾವಿಯ ಹತ್ತಿರ ಮುಖ ತಿರುಗಿಸಿ ನಿಂತಿದ್ದಳು.

ಆ ಮನೆಯಲ್ಲಿ ಅವರು ಎರಡೂವರೆ ವರ್ಷ ಇದ್ದರು. ಹೊರಗೆ ಹೆಚ್ಚು ಹೋಗುತ್ತಿರಲಿಲ್ಲ. ಡಾಲಿ ಬಾಯಿಯ ಮೊಮ್ಮಕ್ಕಳು ಬೇಲಿಯ ಆಚೆ ಮಗ್ಗಿ ತಪ್ಪಿದರೆ ಒಳಗಿನಿಂದಲೇ ತಿದ್ದುತ್ತಿದ್ದರು. ಒಂದು ಬೇಸಗೆಯಲ್ಲಿ ಶಶಿಪ್ರಭಾ ಬೊಂಬಾಯಿಯಿಂದ ಕೂಸನ್ನು ಎತ್ತಿಕೊಂಡು ಬಂದಳು. ಮಾಸ್ತರರು ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಅವಳೂ ಜಗಲಿ ಹತ್ತಲು ಅಂಜಿ, ಕೂಸನ್ನು ಎತ್ತಿ ಹಿಡಿದು ಅಂಗಳದಲ್ಲೇ ನಿಂತಳು. ಕಿಟಕಿಯ ಸರಳುಗಳ ಹಿಂದಿನಿಂದ ಆ ಒರಟು ದನಿ ಹೇಳಿತು: "ಮಗುವನ್ನು ಬಿಸಿಲಿನಲ್ಲಿ ಅಷ್ಟು ಹೊತ್ತು ನಿಲ್ಲಿಸಬೇಡ, ಶಶಿ. ನೆರಳಿಗೆ ಹೋಗು." ತಂದೆ ಮಗಳ ನಡುವೆ ಹದಿನೆಂಟು ವರ್ಷದಲ್ಲಿ ನಡೆದ ಮಾತು ಅಷ್ಟೇ. ಶಶಿಪ್ರಭಾ ಕಿಟಕಿಯ ಕೆಳಗಿನ ನೆರಳಿಗೆ ಹೋಗಿ ಗೋಡೆಗೊರಗಿ ಕೂತಳು, ಸಂಜೆಯವರೆಗೂ ಅಲ್ಲೇ ಕೂತಿದ್ದಳು.

ನಲವತ್ತೊಂದರ ಆಟಿ ತಿಂಗಳಲ್ಲಿ ಮಾಸ್ತರರಿಗೆ ಜ್ವರ ಬಂದು ಎದೆ ಕಟ್ಟಿತು. ಒಂಬತ್ತು ದಿನದಿಂದ ಎಡೆಬಿಡದ ಮಳೆ. ವಿನಿಫ್ರೆಡ್ ಎರಡು ದಿನ ಮನೆಗೇ ಹೋಗದೆ ಕೂತಳು. ಮೂರನೆಯ ದಿನ ಮಧ್ಯಾಹ್ನ, ಉಮಾವತಿ ಒದ್ದೆ ಬಟ್ಟೆಯಿಂದ ಹಣೆ ಒರಸುತ್ತಿದ್ದಾಗ, ಅವರು ತೀರಿಕೊಂಡರು. ಸರ್ವೋತ್ತಮ ಬಂದ. ಹೆಣ ಎತ್ತಲು ಜನ ಸಾಲದೆ ಹೋದಾಗ, ತಾನೇ ಮುಂದೆ ಬಂದು ಹೆಗಲು ಕೊಟ್ಟ.

ಮಾಸ್ತರರ ವರ್ಷಾಂತಿಕ ಕಳೆದ ಮೇಲೆ ಶಶಿಪ್ರಭಾ ತಾಯಿಯನ್ನು ಬೊಂಬಾಯಿಗೆ ಕರೆದೊಯ್ಯಲು ಬಂದಳು. ಎಂಟು ದಿನ ಇದ್ದು ಒತ್ತಾಯಿಸಿದಳು.

"ಇಲ್ಲಿ ಒಬ್ಬಳೇ ಎಂತ ಮಾಡ್ತಿ, ಅಮ್ಮ? ಸೂರ್ಯ ಅಲ್ಲಿಯೂ ಉಂಟಲ್ಲ."

"ಉಂಟು ಮಗಾ. ಆದರೆ ಅವರು ಗುಡ್ಡದ ಮೇಲಿದ್ದಾಗಲೂ ನಾನು ಕಾದದ್ದು, ಈ ಮನೆಗೆ ಬಂದು ಕೂತಾಗಲೂ ಕಾದದ್ದು. ಬಂದು ನನ್ನ ಪಕ್ಕದಲ್ಲಿದ್ದಾಗಲೂ, ಇನ್ನೂ ಪೂರ್ತಿ ಬಂದಿಲ್ಲ, ಇನ್ನೂ ಸ್ವಲ್ಪ ಬರಲಿಕ್ಕೆ ಉಂಟು ಅಂತ ಅನಿಸ್ತಿತ್ತು. ನಾನು ಹೋದ ಮೇಲೆ ಬಂದರೆ?" ಹೇಳಿ ಅವಳಿಗೇ ನಾಚಿಕೆಯಾಯಿತು. "ಹುಚ್ಚು ಮಾತು, ಬಿಡು," ಎಂದಳು.

ಶಶಿಪ್ರಭಾ ತನ್ನ ಪೆಟ್ಟಿಗೆ ಮಾತ್ರ ಕಟ್ಟಿದಳು.

ಮಗಳನ್ನು ರೈಲು ಹತ್ತಿಸಿ ಬಂದ ಸಂಜೆ ಆಶ್ರಮದಿಂದ ವಿನಿಫ್ರೆಡ್ ಬಂದಳು. ಮೂಸಬ್ಬನಿಗೆ ಕಣ್ಣು ಪೂರ್ತಿ ಹೋಗಿದೆ, ಅಕ್ಕ ಯಾಕೆ ಈಗ ಬರುವುದಿಲ್ಲ ಎಂದು ಕೇಳುತ್ತಾನೆ, ಎಂದಳು. ಚನಿಯ ಬೆಳಿಗ್ಗೆ ಒಬ್ಬನೇ ಹೇಳುತ್ತಾನಂತೆ. ಉಮಾವತಿ ಭಾನುವಾರ ಬರುತ್ತೇನೆ ಎಂದಳು. ಶನಿವಾರ ಅವರಿಬ್ಬರಿಗೆಂದು ಬಾಳೆಲೆಯಲ್ಲಿ ಸಿಹಿ ಕಡುಬು ಬೇಯಿಸಿದಳು. ಭಾನುವಾರ ಬೆಳಗಾಗುವ ಮುಂಚೆ ಅದನ್ನು ಕಟ್ಟಿಕೊಂಡು ಗುಡ್ಡದ ಕಡೆಗೆ ಹೊರಟಳು. ವಿನಿಫ್ರೆಡ್ ತೆರೆಸಿಟ್ಟಿದ್ದ ಗೇಟಿನಲ್ಲಿ ಅವಳನ್ನು ಯಾರೂ ತಡೆಯಲಿಲ್ಲ.